ಸೂಜಿಯ ವಯಸ್ಸೆಷ್ಟು? ಆಕ್ಯುಪಂಕ್ಚರ್ ಪಶ್ಚಿಮಕ್ಕೆ ಹೋದ ದಾರಿ

1822ರಲ್ಲಿ ಚೀನಾದ ದಾವೋಗುವಾಂಗ್ ಚಕ್ರವರ್ತಿ ಒಂದು ಆಜ್ಞೆ ಹೊರಡಿಸಿದ. ಸೂಜಿ ಚುಚ್ಚುವುದು, ಕೆಂಡದಿಂದ ಸುಡುವುದು ದೊರೆಯ ಮೈಗೆ ತಕ್ಕ ಚಿಕಿತ್ಸೆಗಳಲ್ಲ, ಆದ್ದರಿಂದ ಅರಮನೆಯ ವೈದ್ಯಾಲಯದಲ್ಲಿರುವ ಆ ವಿಭಾಗವನ್ನು ಶಾಶ್ವತವಾಗಿ ಮುಚ್ಚಬೇಕು ಎಂಬುದು ಆಜ್ಞೆಯ ಸಾರ. ಅದೇ ದಶಕದಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಜೂಲ್ ಕ್ಲೋಕೆ ಎಂಬ ಶಸ್ತ್ರವೈದ್ಯ ರೋಗಿಗಳಿಗೆ ಸೂಜಿ ಚುಚ್ಚಿ ನೋವು ಇಳಿಸುವ ಪ್ರಯೋಗಗಳಲ್ಲಿ ಮುಳುಗಿದ್ದ. ಲಂಡನ್ನಿನಲ್ಲಿ ಜೇಮ್ಸ್ ಮಾರ್ಸ್ ಚರ್ಚಿಲ್ ಎಂಬ ವೈದ್ಯ 1821ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದಿದ್ದ. ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನ ಮರಿಮಗ ಫ್ರಾಂಕ್ಲಿನ್ ಬಾಚ್ ಜೈಲಿನ ಕೈದಿಗಳ ವಾತನೋವಿಗೆ ಸೂಜಿ ಚುಚ್ಚಿ, ಅದರ ಫಲಿತಾಂಶವನ್ನು 1826ರಲ್ಲಿ ಪ್ರಕಟಿಸಿದ. ಹುಟ್ಟಿದ ಮನೆಯ ಬಾಗಿಲು ಮುಚ್ಚಿಕೊಂಡ ಹೊತ್ತಿನಲ್ಲೇ ಈ ವಿದ್ಯೆಗೆ ಪರದೇಶದಲ್ಲಿ ಮಣೆ ಸಿಕ್ಕಿತ್ತು.

ಇವತ್ತು ಯಾವ ಊರಿನ ಆಕ್ಯುಪಂಕ್ಚರ್ ಕ್ಲಿನಿಕ್ಕಿನ ಫಲಕ ನೋಡಿದರೂ 'ಐದು ಸಾವಿರ ವರ್ಷಗಳ ಪ್ರಾಚೀನ ಪದ್ಧತಿ' ಎಂಬ ಮಾತು ಕಾಣುತ್ತದೆ. ಅಮೆರಿಕದ ಕ್ಲಿನಿಕ್ಕಿನಲ್ಲೂ ಅದೇ, ಬೆಂಗಳೂರಿನಲ್ಲೂ ಅದೇ. 2010ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. 2019ರ ಫೆಬ್ರವರಿಯಲ್ಲಿ ಭಾರತ ಸರ್ಕಾರದ ಆರೋಗ್ಯ ಸಂಶೋಧನಾ ಇಲಾಖೆ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಒಪ್ಪಿಕೊಂಡಿತು. ಹೀಗೆ ಮಾನ್ಯತೆ, ಶುಲ್ಕ, ವಿಮೆ, ಕಾನೂನು ಎಲ್ಲವೂ ಸೇರಿಕೊಂಡಿರುವ ವಿಷಯದಲ್ಲಿ ಇತಿಹಾಸವನ್ನು ಜಾಹೀರಾತಿನ ಸಾಲಾಗಿ ಬಿಟ್ಟುಬಿಡುವುದು ಸರಿಯಲ್ಲ ಎಂಬುದು ನನ್ನ ನಿಲುವು. ಏಕೆಂದರೆ ಆ ಇತಿಹಾಸವನ್ನು ಬಿಡಿಸಿ ನೋಡಿದರೆ ಕಡಿಯದೆ ಹರಿದುಬಂದ ಒಂದೇ ಪರಂಪರೆ ಅಲ್ಲಿ ಸಿಗುವುದಿಲ್ಲ. ಹಲವು ಬಾರಿ ಕಡಿದುಹೋಗಿ, ಪ್ರತಿ ಸಲವೂ ಬೇರೆ ಬೇರೆ ಜನ ಬೇರೆ ಬೇರೆ ಉದ್ದೇಶಕ್ಕೆ ಮತ್ತೆ ಕಟ್ಟಿದ ವಿದ್ಯೆ ಸಿಗುತ್ತದೆ. ಕಟ್ಟಿದವರ ಹೆಸರುಗಳೂ ವರ್ಷಗಳೂ ನಮಗೆ ಗೊತ್ತಿವೆ.

ಐದು ಸಾವಿರ ವರ್ಷದ ಲೆಕ್ಕ

ಈ ಲೆಕ್ಕ ಹುಟ್ಟಿದ್ದು ಒಂದು ಗ್ರಂಥದ ಹೆಸರಿನಿಂದ. ಚೀನೀ ವೈದ್ಯದ ಮೂಲಗ್ರಂಥ 'ಹುವಾಂಗ್‌ದಿ ನೇಯ್‌ಜಿಂಗ್' ಪುರಾಣದ ಹಳದಿ ಚಕ್ರವರ್ತಿ ತನ್ನ ಮಂತ್ರಿಗಳೊಡನೆ ನಡೆಸಿದ ಸಂವಾದದ ರೂಪದಲ್ಲಿದೆ. ಆ ಪುರಾಣಪುರುಷನ ಕಾಲವನ್ನು ಸಂಪ್ರದಾಯ ಕ್ರಿಸ್ತಪೂರ್ವ ಇಪ್ಪತ್ತೇಳನೆಯ ಶತಮಾನದ ಆಸುಪಾಸಿಗೆ ಇಡುತ್ತದೆ. ಗ್ರಂಥ ಸಂಕಲನಗೊಂಡದ್ದು ಮಾತ್ರ ಹಾನ್ ರಾಜವಂಶದ ಕಾಲದಲ್ಲಿ, ಸುಮಾರು ಕ್ರಿಸ್ತಪೂರ್ವ ಎರಡು ಮತ್ತು ಒಂದನೆಯ ಶತಮಾನಗಳಲ್ಲಿ. ಹಾಗೆ ನೋಡಿದರೆ ಎರಡು ಸಾವಿರ ವರ್ಷವೇ ಸಣ್ಣ ವಯಸ್ಸಲ್ಲ. ಅದನ್ನು ಇನ್ನೂ ಹಿಗ್ಗಿಸುವ ಅಗತ್ಯ ಏಕೆ ಬಂತೋ!

ನೆಲದಡಿಯಿಂದ ಬಂದ ಸಾಕ್ಷ್ಯ ಇನ್ನಷ್ಟು ಕುತೂಹಲದ್ದು. 1973ರಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ, ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು ತೆರೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯ ಬರಹಗಳು ಸಿಕ್ಕವು. ದೇಹದೊಳಗೆ ಹರಿಯುವ ಹನ್ನೊಂದು ನಾಳಗಳ ವಿವರ ಅವುಗಳಲ್ಲಿದೆ. ಮಾಚಿಪತ್ರೆಯ ಜಾತಿಗೆ ಸೇರಿದ ಗಿಡದ ಒಣಎಲೆಯನ್ನು ಉಂಡೆಮಾಡಿ ಮೈಮೇಲೆ ಸುಡುವ ಚಿಕಿತ್ಸೆಯಿದೆ, ಚೂಪುಗಲ್ಲಿನಿಂದ ಕುರು ಒಡೆದು ಕೀವು ತೆಗೆಯುವ ಮಾತಿದೆ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕುತ್ತಿದ್ದ ರೂಢಿಯನ್ನು ಬಲ್ಲವರಿಗೆ ಆ ಲೋಕ ತೀರ ಅಪರಿಚಿತ ಅನ್ನಿಸಲಾರದು. ಆದರೆ ಆ ಬರಹಗಳಲ್ಲಿ ಸೂಜಿ ಚಿಕಿತ್ಸೆ ಇಲ್ಲ. ಅಲ್ಲಿಂದ ಸುಮಾರು ಐವತ್ತು ವರ್ಷದ ಬಳಿಕ, ಕ್ರಿಸ್ತಪೂರ್ವ 113ರಲ್ಲಿ ಸತ್ತ ರಾಜಕುಮಾರ ಲಿಯು ಶೆಂಗ್‌ನ ಸಮಾಧಿಯಲ್ಲಿ ನಾಲ್ಕು ಚಿನ್ನದ, ಐದು ಬೆಳ್ಳಿಯ ಸೂಜಿಗಳು ಸಿಕ್ಕಿವೆ. ಅಂದರೆ ನಾಳಗಳ ಕಲ್ಪನೆ ಮೊದಲು ಬಂತು, ಅದಕ್ಕೆ ಸೂಜಿ ಸೇರಿಕೊಂಡದ್ದು ಆಮೇಲೆ.

ನೇಯ್‌ಜಿಂಗ್ ಹೇಳುವ ಸೂಜಿಗಳೂ ಇಂದಿನ ಕ್ಲಿನಿಕ್ಕಿನ ಕೂದಲೆಳೆಯಂಥ ಸೂಜಿಗಳಲ್ಲ. ಅದು ಒಂಬತ್ತು ಬಗೆಯ ಸೂಜಿಗಳನ್ನು ಹೆಸರಿಸುತ್ತದೆ. ಕೆಲವು ಸಣ್ಣ ಚಾಕುವಿನಂತಿವೆ, ಕತ್ತಿಯ ಅಲಗಿನಂಥ ಒಂದು ಕೀವು ಬಿಡಿಸಲಿಕ್ಕೆಂದೇ ಇದೆ, ಇನ್ನೊಂದು ರಕ್ತ ಹರಿಸಲು. ರಕ್ತ ತೆಗೆಯುವುದು ಆಗಿನ ಚಿಕಿತ್ಸೆಯ ದೊಡ್ಡ ಭಾಗವಾಗಿತ್ತು. ದೇಹದ ಹನ್ನೆರಡು ನಾಳಗಳನ್ನು ಅದೇ ಗ್ರಂಥ ಚೀನಾದ ಹನ್ನೆರಡು ನದಿಗಳಿಗೆ ಹೋಲಿಸುತ್ತದೆ. ಕಾಲುವೆ ತೋಡಿ, ನೆರೆ ತಡೆದು, ರಸ್ತೆ ಹಾಕಿ ಒಂದಾದ ಹೊಸ ಸಾಮ್ರಾಜ್ಯ ತನ್ನ ದೇಹವನ್ನೂ ಅದೇ ಕಣ್ಣಿನಿಂದ ನೋಡಿತು. ಎಲ್ಲಿ ಹರಿವು ನಿಂತಿದೆಯೋ ಅಲ್ಲಿ ಕಾಯಿಲೆ. ಈ ಯೋಚನೆಯಲ್ಲಿ ನನಗೆ ನಿಜವಾದ ಸೌಂದರ್ಯ ಕಾಣುತ್ತದೆ. ಆದರೆ ದೇಹವನ್ನು ಸೀಳಿ ನೋಡಿ ಕಂಡುಕೊಂಡ ಸಂಗತಿ ಅದಲ್ಲ, ಜಗತ್ತನ್ನು ನೋಡಿ ದೇಹದ ಬಗ್ಗೆ ಮಾಡಿಕೊಂಡ ಊಹೆ.

ಮುಂದಿನ ಶತಮಾನಗಳಲ್ಲಿ ಅದಕ್ಕೆ ಏನೇನೋ ಕೂಡಿಕೊಂಡಿತು. ಮೂರನೆಯ ಶತಮಾನದ ಹುವಾಂಗ್‌ಫು ಮಿ ಸೂಜಿ ಚುಚ್ಚಲು ಗೊತ್ತುಮಾಡಿದ, ಅಲ್ಲಲ್ಲಿ ಚದುರಿದ್ದ ಬಿಂದುಗಳನ್ನು ಕಲೆಹಾಕಿ 349ನ್ನು ಹೆಸರಿಸಿದ. ಏಳನೆಯ ಶತಮಾನದ ಸುನ್ ಸಿಮಿಯಾವೋ, ದೆವ್ವ ಹಿಡಿದು ಬಂದ ಹುಚ್ಚನ್ನು ಬಿಡಿಸಲು ಹದಿಮೂರು 'ಪ್ರೇತಬಿಂದು'ಗಳನ್ನು ದಾಖಲಿಸಿದ. ಸೋಂಗ್ ರಾಜವಂಶದ ಕಾಲದಲ್ಲಿ, 1027ರ ಸುಮಾರಿಗೆ, ರಾಜವೈದ್ಯ ವಾಂಗ್ ವೇಯಿಯಿ ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಮಾಡಿಸಿ ಮೈಮೇಲೆಲ್ಲ ಬಿಂದುಗಳನ್ನು ರಂಧ್ರವಾಗಿ ಕೊರೆಸಿದ. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು ಒಳಗೆ ದ್ರವ ತುಂಬುತ್ತಿದ್ದರಂತೆ. ವಿದ್ಯಾರ್ಥಿ ಸರಿಯಾದ ಜಾಗಕ್ಕೆ ಚುಚ್ಚಿದರೆ ದ್ರವ ಒಸರಿ ಹೊರಬರುತ್ತಿತ್ತು. ಹೀಗೆ ಅರಮನೆಯಲ್ಲಿ ಮೆರೆದ ವಿದ್ಯೆ ಕ್ರಮೇಣ ಬಡವಾಯಿತು. ಓದಿದ ವೈದ್ಯರು ಮೈ ಮುಟ್ಟದೆ ಕಷಾಯ ಬರೆದುಕೊಡುವುದನ್ನೇ ಗೌರವವೆಂದು ಬಗೆದರು, ಸೂಜಿ ಊರೂರು ಅಲೆಯುವ ನಾಟಿವೈದ್ಯರ ಕೈಗೆ ಹೋಯಿತು. ಹದಿನೆಂಟನೆಯ ಶತಮಾನದ ನಡುವೆ ಶು ದಾಚುನ್ ಎಂಬ ಪ್ರಸಿದ್ಧ ವೈದ್ಯ ಸೂಜಿಯ ವಿದ್ಯೆ ಕಳೆದುಹೋಗಿದೆ ಎಂದು ಹಲುಬಿದ್ದಾನೆ. 1822ರ ಆಜ್ಞೆ ಬಂದದ್ದು ಆ ಇಳಿತದ ಕೊನೆಯಲ್ಲಿ.

ಯುರೋಪಿಗೆ ದಾರಿ ಜಪಾನಿನಿಂದ

ಯುರೋಪು ಈ ವಿದ್ಯೆಯನ್ನು ವಿವರವಾಗಿ ಕಂಡದ್ದು ಚೀನಾದಲ್ಲಲ್ಲ, ಜಪಾನಿನಲ್ಲಿ. ನಾಗಸಾಕಿಯ ದಡದಲ್ಲಿ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪವಿತ್ತು. ಜಪಾನ್ ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರಿಗೆ ಮಾತ್ರ ಅಲ್ಲಿ ಇರಲು ಅನುಮತಿ. ಆ ಕಂಪನಿಯ ವೈದ್ಯ ವಿಲ್ಲೆಮ್ ಟೆನ್ ರೈನೆ 1674ರಿಂದ ಎರಡು ವರ್ಷ ಅಲ್ಲಿದ್ದು, ಜಪಾನಿ ದುಭಾಷಿಗಳ ನೆರವಿನಿಂದ ತಿಳಿದದ್ದನ್ನು 1683ರಲ್ಲಿ ಲಂಡನ್ನಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ. ಆಕ್ಯುಪಂಕ್ಚರ್ ಎಂಬ ಹೆಸರು ಬಂದದ್ದು ಅವನಿಂದ. ಅವನ ನಂತರ ಅಲ್ಲಿಗೆ ಹೋದ ಎಂಗೆಲ್ಬರ್ಟ್ ಕೆಂಫರ್ ಹೊಟ್ಟೆಶೂಲೆಗೆ ಸೂಜಿ ಚುಚ್ಚುವ ಕ್ರಮವನ್ನು 1712ರಲ್ಲಿ ಚಿತ್ರಸಮೇತ ವಿವರಿಸಿದ.

ಜಪಾನಿನ ಸೂಜಿ ಆ ವೇಳೆಗೆ ಚೀನಾದ ಸೂಜಿಗಿಂತ ಬೇರೆಯಾಗಿತ್ತು. ಅದನ್ನು ಬೇರೆಯಾಗಿಸಿದವರಲ್ಲಿ ಸುಗಿಯಾಮಾ ವಾಯಿಚಿ ಮುಖ್ಯ. 1610ರಲ್ಲಿ ಹುಟ್ಟಿದ ಈತ ಎಳವೆಯಲ್ಲೇ ಕಣ್ಣು ಕಳೆದುಕೊಂಡವನು. ಸಣ್ಣ ಕೊಳವೆಯೊಳಗೆ ಸೂಜಿಯಿಟ್ಟು, ಮೇಲಿಂದ ಬೆರಳಿನಿಂದ ತಟ್ಟಿ ಚುಚ್ಚುವ ವಿಧಾನ ಅವನ ಕೊಡುಗೆ. ಕೊಳವೆಯಿದ್ದರೆ ತೆಳುವಾದ ಸೂಜಿಯೂ ಬಾಗುವುದಿಲ್ಲ, ಚುಚ್ಚಿದ ನೋವೂ ತಿಳಿಯುವುದಿಲ್ಲ. ಅಂಧರಿಗಾಗಿ ಅವನು ಶಾಲೆಗಳನ್ನು ತೆರೆದ. ಸೂಜಿ ಚಿಕಿತ್ಸೆ ಜಪಾನಿನಲ್ಲಿ ಕಣ್ಣಿಲ್ಲದವರಿಗೆ ಅನ್ನ ಮತ್ತು ಮರ್ಯಾದೆ ಎರಡನ್ನೂ ಕೊಟ್ಟ ಕಸುಬಾಯಿತು. ಇಂದು ಅಮೆರಿಕ, ಯುರೋಪುಗಳಲ್ಲಿ ಬಳಸುವ ಬಹುಪಾಲು ಸೂಜಿಗಳು ಪ್ಲಾಸ್ಟಿಕ್ ಕೊಳವೆಯೊಳಗೇ ಬರುತ್ತವೆ. ಆ ಕೊಳವೆಯ ಹಿಂದೆ ಒಬ್ಬ ಕುರುಡ ಗುರುವಿನ ಜಾಣ್ಮೆಯಿದೆ ಎಂಬುದು ಐದು ಸಾವಿರ ವರ್ಷದ ಫಲಕಕ್ಕಿಂತ ಎಷ್ಟೋ ಪಾಲು ಹೇಳಿಕೊಳ್ಳಬೇಕಾದ ಮಾತು.

ಯುರೋಪಿನಲ್ಲಿ ಮೊದಲು ಇದನ್ನು ರೋಗಿಯ ಮೇಲೆ ಪ್ರಯೋಗಿಸಿದವರಲ್ಲಿ ಫ್ರಾನ್ಸಿನ ಲೂಯಿ ಬೆರ್ಲಿಯೋ ಒಬ್ಬ. ಸಂಗೀತಗಾರ ಹೆಕ್ಟರ್ ಬೆರ್ಲಿಯೋನ ತಂದೆ. 1810ರಲ್ಲಿ ನರದ ಜ್ವರದಿಂದ ನರಳುತ್ತಿದ್ದ ಯುವತಿಗೆ ಸೂಜಿ ಚುಚ್ಚಿ, 1816ರಲ್ಲಿ ಅದರ ಬಗ್ಗೆ ಬರೆದ. 1825ರಲ್ಲಿ ಸಾರ್ಲಾಂಡಿಯೇರ್ ಎಂಬುವನು ಸೂಜಿಗೆ ವಿದ್ಯುತ್ ಹರಿಸಿದ. ಗಮನಿಸಬೇಕಾದದ್ದು ಏನೆಂದರೆ, ಈ ವೈದ್ಯರು ನಾಳಗಳನ್ನೂ ಜೀವಚೈತನ್ಯದ ಹರಿವನ್ನೂ ಹೆಚ್ಚುಕಡಿಮೆ ಬದಿಗಿಟ್ಟರು. ಎಲ್ಲಿ ನೋವೋ ಅಲ್ಲಿಗೇ ಚುಚ್ಚಿದರು. ಕೆನಡಾದಲ್ಲಿ ಹುಟ್ಟಿ ಅಮೆರಿಕದ ವೈದ್ಯ ಶಿಕ್ಷಣವನ್ನೇ ರೂಪಿಸಿದ ವಿಲಿಯಂ ಆಸ್ಲರ್ ತನ್ನ 1892ರ ಪಠ್ಯಪುಸ್ತಕದಲ್ಲಿ ಹಠಾತ್ತನೆ ಬಂದ ಸೊಂಟನೋವಿಗೆ ಆಕ್ಯುಪಂಕ್ಚರ್ ಅತ್ಯಂತ ಪರಿಣಾಮಕಾರಿ ಎಂದು ಬರೆದಿದ್ದಾನೆ. ಸೂಜಿ ಸಿಗದಿದ್ದರೆ ಹೆಂಗಸರು ಟೋಪಿಗೆ ಸಿಕ್ಕಿಸುವ ಸೂಜಿಯನ್ನೇ ಶುದ್ಧಮಾಡಿ ಬಳಸಬಹುದು ಎಂಬ ಸೂಚನೆಯೂ ಇದೆ! ಆದರೆ ಅಷ್ಟರಲ್ಲಿ ಈ ಅಲೆ ಇಳಿದಿತ್ತು. ಈಥರ್ ಎಂಬ ಅರಿವಳಿಕೆ, ಚರ್ಮದಡಿಗೆ ಮಾರ್ಫಿನ್ ಕೊಡುವ ಸಿರಿಂಜು ಬಂದಮೇಲೆ ನೋವಿಗೆ ಬೇರೆ ದಾರಿಗಳು ತೆರೆದುಕೊಂಡಿದ್ದವು.

ಮತ್ತೆ ಕಟ್ಟಿದ ಕೈಗಳು

ಈಗ ನಾವು 'ಸಾಂಪ್ರದಾಯಿಕ' ಎಂದು ಕರೆಯುವ ಆಕ್ಯುಪಂಕ್ಚರಿಗೆ ರೂಪ ಬಂದದ್ದು 1930ರಿಂದ 1960ರ ನಡುವೆ. ಅದಕ್ಕೆ ಮೊದಲು ಅದು ಸಾವಿನ ಅಂಚಿಗೆ ಹೋಗಿತ್ತು. 1929ರಲ್ಲಿ ಚೀನಾದ ರಾಷ್ಟ್ರೀಯವಾದಿ ಸರ್ಕಾರದ ಆರೋಗ್ಯ ಸಮಿತಿ ಹಳೆಯ ವೈದ್ಯವನ್ನೇ ತೆಗೆದುಹಾಕುವ ನಿರ್ಣಯ ಅಂಗೀಕರಿಸಿತು. ನಾಟಿವೈದ್ಯರು ಮಾರ್ಚ್ 17ರಂದು ಶಾಂಘೈಯಲ್ಲಿ ಸೇರಿ ಪ್ರತಿಭಟಿಸಿ ಅದನ್ನು ತಡೆದರು. ಉಳಿಯಬೇಕಾದರೆ ಬದಲಾಗಬೇಕು ಎಂದು ಅರಿತವರಲ್ಲಿ ಚೆಂಗ್ ದಾನ್‌ಆನ್ ಒಬ್ಬ. ಆಧುನಿಕ ಅಂಗರಚನಾಶಾಸ್ತ್ರ ಓದಿದ್ದ ಆತ 1931ರ ತನ್ನ ಪುಸ್ತಕದಲ್ಲಿ ಹಳೆಯ ಬಿಂದುಗಳನ್ನು ನರ, ಸ್ನಾಯು, ರಕ್ತನಾಳಗಳ ನಕ್ಷೆಯ ಮೇಲೆ ಕೂರಿಸಿದ. ರಕ್ತನಾಳದ ಮೇಲಿದ್ದ ಬಿಂದುಗಳನ್ನು ಪಕ್ಕಕ್ಕೆ ಸರಿಸಿದ. ಜಪಾನಿಗೆ ಹೋಗಿ ಅಲ್ಲಿನ ಶಾಲೆಗಳನ್ನು ನೋಡಿಬಂದ. ರಕ್ತ ಹರಿಸುವ ದಪ್ಪ ಸೂಜಿ ಮೂಲೆ ಸೇರಿತು, ತೆಳುವಾದ ಲೋಹದ ಎಳೆ ಮುಂದೆ ಬಂತು.

ಆಮೇಲೆ ಬಂದದ್ದು ಕಮ್ಯುನಿಸ್ಟರ ಅಗತ್ಯ. ದೇಶ ದೊಡ್ಡದು, ಆಧುನಿಕ ವೈದ್ಯರು ಬೆರಳೆಣಿಕೆಯಷ್ಟು. ಸೂಜಿ ಅಗ್ಗ, ಔಷಧ ಬೇಡ, ಕಲಿಸುವುದು ಸುಲಭ. ಝು ಲಿಯಾನ್ ಎಂಬ ವೈದ್ಯೆ 1951ರಲ್ಲಿ 'ಹೊಸ ಆಕ್ಯುಪಂಕ್ಚರ್' ಪುಸ್ತಕ ತಂದಳು. ಅದರಲ್ಲಿ ಯಿನ್-ಯಾಂಗ್ ಎಂಬ ಎರಡು ಎದುರುಶಕ್ತಿಗಳ ತತ್ವ ಇಲ್ಲ, ನರಮಂಡಲವಿದೆ. 1955ರಲ್ಲಿ ಬೀಜಿಂಗಿನಲ್ಲಿ ಸಾಂಪ್ರದಾಯಿಕ ವೈದ್ಯ ಅಕಾಡೆಮಿ ಶುರುವಾಯಿತು. ಸೋವಿಯತ್ ಒಕ್ಕೂಟದ ಜೊತೆಗಿನ ನಂಟು ಹಳಸುತ್ತಿದ್ದಂತೆ ಸ್ವದೇಶಿ ಹೆಮ್ಮೆಯ ಬೆಲೆ ಏರಿತು, ಪಕ್ಕಕ್ಕಿಟ್ಟಿದ್ದ ಯಿನ್-ಯಾಂಗ್ ಪಠ್ಯಕ್ಕೆ ಮರಳಿತು. 1958ರಲ್ಲಿ ಕಮ್ಯುನಿಸ್ಟ್ ನಾಯಕ ಮಾವೋ ಚೀನೀ ವೈದ್ಯವನ್ನು ದೊಡ್ಡ ಭಂಡಾರ ಎಂದು ಹೊಗಳಿದ. ಅವನ ಖಾಸಗಿ ವೈದ್ಯ ಲಿ ಝಿಸುಯಿ ನಂತರ ಬರೆದ ನೆನಪುಗಳ ಪ್ರಕಾರ, ಮಾವೋ ತಾನು ಮಾತ್ರ ಆ ಔಷಧಗಳನ್ನು ನಂಬುತ್ತಿರಲಿಲ್ಲ.

ಇದೇ ಹೊತ್ತಿಗೆ ಫ್ರಾನ್ಸಿನಲ್ಲಿ ಇನ್ನೊಂದು ಬಗೆಯ ಆಕ್ಯುಪಂಕ್ಚರ್ ಬೆಳೆಯುತ್ತಿತ್ತು. ಚೀನಾದಲ್ಲಿ ರಾಜತಾಂತ್ರಿಕನಾಗಿದ್ದ ಜಾರ್ಜ್ ಸೂಲಿಯೆ ದ ಮೊರಾಂ 1930ರ ದಶಕದಲ್ಲಿ ಹಳೆಯ ಗ್ರಂಥಗಳನ್ನು ಆಧರಿಸಿ ಬರೆದ ಪುಸ್ತಕಗಳು ಯುರೋಪಿನ ಮೂರು ತಲೆಮಾರಿನ ಚಿಕಿತ್ಸಕರಿಗೆ ಪಠ್ಯವಾದವು. ಲಿಯೋನ್ ನಗರದ ವೈದ್ಯ ಪಾಲ್ ನೋಜಿಯೆ 1950ರ ದಶಕದಲ್ಲಿ, ಕಿವಿ ತಲೆಕೆಳಗಾದ ಭ್ರೂಣದಂತಿದೆ, ದೇಹದ ಒಂದೊಂದು ಅಂಗಕ್ಕೂ ಕಿವಿಯಲ್ಲಿ ಒಂದೊಂದು ಬಿಂದುವಿದೆ ಎಂದು ಹೊಸ ನಕ್ಷೆ ಬರೆದ. ಕೆಲವೇ ವರ್ಷಗಳಲ್ಲಿ ಆ ಫ್ರೆಂಚ್ ನಕ್ಷೆ ಚೀನಾಕ್ಕೆ ಹೋಗಿ ಅಲ್ಲಿನ ಸೈನಿಕ ವೈದ್ಯರ ಕೈಯಲ್ಲಿ ಬೆಳೆಯಿತು. ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ಬರುವ ಹೊತ್ತಿಗೆ ಅದು ಪ್ರಾಚೀನ ಚೀನೀ ವಿದ್ಯೆಯಾಗಿತ್ತು.

1971ರ ಬೇಸಿಗೆ

ಆ ವರ್ಷ ಜುಲೈನಲ್ಲಿ ಅಮೆರಿಕದ ಅಧ್ಯಕ್ಷರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಗುಟ್ಟಾಗಿ ಬೀಜಿಂಗಿಗೆ ಹೋಗಿಬಂದರು. ಅದೇ ದಿನಗಳಲ್ಲಿ ಚೀನಾದಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಅವರಿಗೆ ಅಪೆಂಡಿಸೈಟಿಸ್ ಆಯಿತು. ಅಮೆರಿಕದ ರಾಕ್‌ಫೆಲ್ಲರ್ ಹಣದಲ್ಲಿ ಕಟ್ಟಿದ್ದ, ಆಗ 'ಸಾಮ್ರಾಜ್ಯಶಾಹಿ ವಿರೋಧಿ ಆಸ್ಪತ್ರೆ' ಎಂದು ಹೆಸರು ಬದಲಿಸಿಕೊಂಡಿದ್ದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಜುಲೈ 26ರಂದು ಅವರ ಲೇಖನ ಪ್ರಕಟವಾಯಿತು. ಅದನ್ನು ಓದಿದವರು, ಓದದವರು ಎಲ್ಲರೂ ಸೇರಿ ಹಬ್ಬಿಸಿದ ಸುದ್ದಿ, ಸೂಜಿಯ ಅರಿವಳಿಕೆಯಲ್ಲೇ ರೆಸ್ಟನ್ ಹೊಟ್ಟೆ ಕೊಯ್ದರು ಎಂದು. ಇಂದಿಗೂ ಈ ಕಥೆ ಓಡಾಡುತ್ತಿದೆ. ರೆಸ್ಟನ್ ಬರೆದದ್ದು ಹಾಗಲ್ಲ. ಶಸ್ತ್ರಚಿಕಿತ್ಸೆ ನಡೆದದ್ದು ಹೊಟ್ಟೆಯ ಭಾಗವನ್ನಷ್ಟೇ ಮರಗಟ್ಟಿಸುವ ಮಾಮೂಲಿ ಅರಿವಳಿಕೆಯ ಚುಚ್ಚುಮದ್ದು ಕೊಟ್ಟು. ಅದಾದ ಮೇಲೆ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮೊಣಕೈಗೆ, ಮಂಡಿಯ ಕೆಳಗೆ ಮೂರು ಸೂಜಿ ಚುಚ್ಚಿದರು, ಮಾಚಿಪತ್ರೆಯ ಜಾತಿಯ ಗಿಡದ ಕಡ್ಡಿ ಹೊತ್ತಿಸಿ ಹೊಟ್ಟೆಯ ಮೇಲೆ ಶಾಖ ಕೊಟ್ಟರು, ಒಂದು ಗಂಟೆಯೊಳಗೆ ಉಬ್ಬರ ಇಳಿಯಿತು. ಅಷ್ಟನ್ನೇ ಅವರು ಪ್ರಾಮಾಣಿಕವಾಗಿ ಬರೆದಿದ್ದರು.

1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಭೇಟಿ, ಅದರ ಹಿಂದುಮುಂದೆ ಅಮೆರಿಕನ್ ವೈದ್ಯರ ತಂಡಗಳು. ಎದೆ ತೆರೆದಿರುವಾಗಲೂ ಎಚ್ಚರವಾಗಿದ್ದು ಕಿತ್ತಳೆ ತಿನ್ನುವ ರೋಗಿಗಳನ್ನು ನೋಡಿ ಬೆರಗಾಗಿ ಬಂದರು. ಸಾಂಸ್ಕೃತಿಕ ಕ್ರಾಂತಿಯ ಉಸಿರುಗಟ್ಟುವ ವಾತಾವರಣದಲ್ಲಿ ಆ ಪ್ರದರ್ಶನಗಳು ನಡೆದಿದ್ದವು, ರೋಗಿಗಳನ್ನು ಮೊದಲೇ ಆರಿಸಿ ತರಬೇತಿ ಕೊಡಲಾಗಿತ್ತು, ಮಂಪರಿನ ಔಷಧ, ಸ್ಥಳೀಯ ಅರಿವಳಿಕೆ ಜೊತೆಗಿರುತ್ತಿತ್ತು. ಮಾವೋ ಸತ್ತ ಮೇಲೆ ಚೀನಾದ ವೈದ್ಯರೇ ಇದನ್ನು ಹೇಳತೊಡಗಿದರು. ಸೂಜಿಯ ಅರಿವಳಿಕೆ ಅಲ್ಲಿನ ಆಸ್ಪತ್ರೆಗಳಲ್ಲೇ ಅಪರೂಪವಾಯಿತು.

ಅಮೆರಿಕದಲ್ಲಿ ನಿಜವಾದ ಕಥೆ ನಡೆದದ್ದು ಇದಕ್ಕಿಂತ ಕೆಳಗಿನ ಮಟ್ಟದಲ್ಲಿ. ಅಲ್ಲಿನ ಚೀನೀ ಕೇರಿಗಳಲ್ಲಿ ಸೂಜಿ ಚಿಕಿತ್ಸೆ ಮೊದಲಿನಿಂದ ಇತ್ತು, ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಬಿಳಿಯರು ಬಾಗಿಲು ತಟ್ಟತೊಡಗಿದ ಮೇಲೆ ಪರವಾನಗಿಯ ಪ್ರಶ್ನೆ ಎದ್ದಿತು. 1973ರಲ್ಲಿ ನೆವಾಡಾ ರಾಜ್ಯ ಮೊದಲು ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಮಿರಿಯಂ ಲೀ ಎಂಬ ವಲಸೆ ಬಂದ ಚಿಕಿತ್ಸಕಿಯನ್ನು 1974ರಲ್ಲಿ ಪೊಲೀಸರು ಬಂಧಿಸಿದಾಗ ಅವರ ರೋಗಿಗಳು ನ್ಯಾಯಾಲಯ ತುಂಬಿಸಿ ನಿಂತರು. ಎರಡು ವರ್ಷದಲ್ಲಿ ಆ ರಾಜ್ಯವೂ ಕಾನೂನು ಬದಲಿಸಿತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಹೆರಾಯಿನ್ ಬಡವರ ಕೇರಿಗಳನ್ನು ತಿನ್ನುತ್ತಿದ್ದಾಗ, ಪ್ಯೂರ್ಟೊರಿಕನ್ ಮತ್ತು ಕಪ್ಪು ಯುವಕರ ಸಂಘಟನೆಗಳು 1970ರಲ್ಲಿ ಲಿಂಕನ್ ಆಸ್ಪತ್ರೆಗೆ ನುಗ್ಗಿ ವ್ಯಸನಮುಕ್ತಿ ಕೇಂದ್ರ ತೆರೆಸಿದವು. ಮೆಥಡೋನ್ ಎಂಬ ಬದಲಿ ಔಷಧ ಇನ್ನೊಂದು ಸಂಕೋಲೆ ಎಂದು ಸಿಟ್ಟಾಗಿದ್ದ ಅವರು ಕಿವಿಗೆ ಚುಚ್ಚುವ ಸೂಜಿಯನ್ನು ಎತ್ತಿಕೊಂಡರು. ಅಲ್ಲಿಂದ ಬೆಳೆದ ಐದು ಬಿಂದುಗಳ ಕ್ರಮ ಇಂದು ಹಲವು ದೇಶಗಳ ವ್ಯಸನಮುಕ್ತಿ ಕೇಂದ್ರಗಳಲ್ಲಿದೆ. ಆ ಹೋರಾಟಗಾರರ ಕಳಕಳಿ ದೊಡ್ಡದು. ಆದರೆ 2002ರಲ್ಲಿ 620 ಕೊಕೇನ್ ವ್ಯಸನಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸರಿಯಾದ ಬಿಂದು, ತಪ್ಪು ಬಿಂದು, ಸುಮ್ಮನೆ ವಿಶ್ರಾಂತಿ ಈ ಮೂರರ ನಡುವೆ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಉದ್ದೇಶ ಚಿಕಿತ್ಸೆಯನ್ನು ಒಳ್ಳೆಯದಾಗಿಸುವುದಿಲ್ಲ ಎಂಬ ಸಂಕಟ ಇಲ್ಲಿ ಎದುರಾಗುತ್ತದೆ.

ಹಾಗಾದರೆ ನೋವು ಇಳಿಯುವುದು ಹೇಗೆ?

ಇಳಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ವರ್ಷಗಟ್ಟಲೆ ಸೊಂಟ ಹಿಡಿದುಕೊಂಡು ಓಡಾಡಿದವರು ಸೂಜಿಯಿಂದ ಹಗುರಾಯಿತು ಎಂದಾಗ ಅದನ್ನು ಭ್ರಮೆ ಎಂದು ತಳ್ಳಿಹಾಕುವುದು ಅವಮಾನ. 1970ರ ದಶಕದಲ್ಲಿ ದೇಹವೇ ತಯಾರಿಸುವ ನೋವುನಿವಾರಕ ರಾಸಾಯನಿಕಗಳು ಪತ್ತೆಯಾದವು. ಟೊರಾಂಟೊದ ಬ್ರೂಸ್ ಪೊಮೆರಾಂಜ್, ಬೀಜಿಂಗಿನ ಹಾನ್ ಜಿಶೆಂಗ್ ಸೂಜಿಗೂ ಅವುಗಳಲ್ಲೊಂದಾದ ಎಂಡಾರ್ಫಿನ್‌ಗೂ ಇರುವ ಸಂಬಂಧವನ್ನು ತೋರಿಸಿದರು. ಪ್ರಶ್ನೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಪರಿಹಾರ ಕೊಡುವುದು ಗ್ರಂಥ ಹೇಳುವ ಆ ಬಿಂದುವೇ, ಆ ನಾಳವೇ?

ಇದನ್ನು ಪರೀಕ್ಷಿಸಲು 1998ರಲ್ಲಿ ಜರ್ಮನಿಯ ಸಂಶೋಧಕರು ಹುಸಿ ಸೂಜಿಯೊಂದನ್ನು ರೂಪಿಸಿದರು. ಚರ್ಮಕ್ಕೆ ತಾಗಿದೊಡನೆ ಅದು ತನ್ನ ಹಿಡಿಯೊಳಗೇ ಜಾರಿಕೊಳ್ಳುತ್ತದೆ, ರೋಗಿಗೆ ಚುಚ್ಚಿದಂತೆ ಅನ್ನಿಸುತ್ತದೆ. ಜರ್ಮನಿಯ ವಿಮಾ ಸಂಸ್ಥೆಗಳ ಹಣದಲ್ಲಿ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಬೇರೆ ದಾರಿ ಹಿಡಿಯಿತು. ಅದರಲ್ಲಿ 1,162 ಸೊಂಟನೋವಿನ ರೋಗಿಗಳನ್ನು ಮೂರು ಗುಂಪು ಮಾಡಿದರು. ಶಾಸ್ತ್ರೋಕ್ತ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಬಿಂದುವಲ್ಲದ ಜಾಗಕ್ಕೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಔಷಧ, ವ್ಯಾಯಾಮ, ಫಿಸಿಯೋಥೆರಪಿಯ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 27.4. ಈ ಮೂರು ಅಂಕಿಗಳನ್ನು ಒಟ್ಟಿಗೆ ನೋಡಬೇಕು. ಆಕ್ಯುಪಂಕ್ಚರ್‌ನ ಸಮರ್ಥಕರು ಮೊದಲನೆಯದನ್ನೂ ಮೂರನೆಯದನ್ನೂ ತೋರಿಸುತ್ತಾರೆ, ವಿರೋಧಿಗಳು ಮೊದಲಿನ ಎರಡನ್ನು. ಎಲ್ಲಿ ಚುಚ್ಚಿದರು ಎಂಬುದು ಹೆಚ್ಚು ಮುಖ್ಯವಲ್ಲ, ಚುಚ್ಚಿಸಿಕೊಂಡದ್ದರಿಂದ ಲಾಭವಂತೂ ಇದೆ ಎಂಬುದು ನನಗೆ ಅರ್ಥವಾಗುವ ರೀತಿ. 39 ಪ್ರಯೋಗಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ ಹುಸಿ ಸೂಜಿಗಿಂತ ನಿಜ ಸೂಜಿ ಸ್ವಲ್ಪ ಮೇಲು ಎಂದಿತು. ಆ ವ್ಯತ್ಯಾಸ ಚಿಕ್ಕದು, ಸೂಜಿ ಚಿಕಿತ್ಸೆಯನ್ನೇ ಪಡೆಯದವರಿಗೆ ಹೋಲಿಸಿದರೆ ಕಾಣುವ ವ್ಯತ್ಯಾಸ ದೊಡ್ಡದು.

ಮತ್ತೊಂದು ಅಧ್ಯಯನ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದೆ. 2008ರಲ್ಲಿ ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ ತಂಡ ಕರುಳಿನ ಕಿರಿಕಿರಿಯಿಂದ ಬಳಲುವ 262 ಮಂದಿಯನ್ನು ತೆಗೆದುಕೊಂಡಿತು. ಕಾಯುವ ಪಟ್ಟಿಯಲ್ಲಿದ್ದವರಲ್ಲಿ ಶೇ. 28 ಮಂದಿಗೆ ಸಮಾಧಾನ. ಹುಸಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 44. ಹುಸಿ ಸೂಜಿಯ ಜೊತೆಗೆ ಚಿಕಿತ್ಸಕರು ಹತ್ತಿರ ಕುಳಿತು, ಕೇಳಿ, ಭರವಸೆ ಕೊಟ್ಟು ಮಾತಾಡಿಸಿದವರಲ್ಲಿ ಶೇ. 62. ಈ ಕೊನೆಯ ಅಂಕಿ ನಮ್ಮ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷದಲ್ಲಿ ಚೀಟಿ ಬರೆಸಿಕೊಂಡು ಬರುವವರ ಬಗ್ಗೆಯೂ ಹೇಳುತ್ತದೆ. ಅರ್ಧ ಗಂಟೆ ಕುಳಿತು ಕೇಳುವ ವೈದ್ಯರು ಅಪರೂಪವಾದಷ್ಟೂ ಜನ ಕೇಳುವವರನ್ನು ಹುಡುಕಿಕೊಂಡು ಹೋಗುತ್ತಾರೆ.

ಪಶ್ಚಿಮದ ಅಧಿಕೃತ ನಿಲುವುಗಳೂ ಇದೇ ತೂಗಾಟದಲ್ಲಿವೆ. ಯಾವ ಚಿಕಿತ್ಸೆ ಕೊಡಬೇಕೆಂದು ಬ್ರಿಟನ್ನಿನ ಆರೋಗ್ಯ ಸೇವೆಗೆ ಸಲಹೆ ನೀಡುವ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಆಕ್ಯುಪಂಕ್ಚರ್ ಶಿಫಾರಸು ಮಾಡಿ 2016ರಲ್ಲಿ ಹಿಂತೆಗೆದುಕೊಂಡಿತು, 2021ರಲ್ಲಿ ಬೇರೆ ಬಗೆಯ ದೀರ್ಘಕಾಲದ ನೋವಿಗೆ ಮತ್ತೆ ಪರಿಗಣಿಸಬಹುದು ಎಂದಿತು. ಬ್ರಿಟನ್ನಿನಲ್ಲಿ ಈ ಚಿಕಿತ್ಸೆಯನ್ನು ವೈದ್ಯರಿಗೆ ಕಲಿಸಿದ ಫೆಲಿಕ್ಸ್ ಮಾನ್ ಕೊನೆಗೆ ಬಿಂದುಗಳೂ ನಾಳಗಳೂ ಇಲ್ಲವೆಂದೇ ಬರೆದರು, ಸೂಜಿ ಹಾಕುವುದನ್ನು ಮಾತ್ರ ಬಿಡಲಿಲ್ಲ. ಇನ್ನು ಫಿಸಿಯೋಥೆರಪಿಯವರು 'ಡ್ರೈ ನೀಡ್ಲಿಂಗ್' ಎಂಬ ಹೆಸರಿನಲ್ಲಿ ಅದೇ ಸೂಜಿಯನ್ನು ಸ್ನಾಯುವಿನ ಗಂಟುಗಳಿಗೆ ಚುಚ್ಚುತ್ತಾರೆ. ಇದು ನಮ್ಮ ವಿದ್ಯೆ ಎಂದು ಅಮೆರಿಕದ ಆಕ್ಯುಪಂಕ್ಚರ್ ಮಂಡಳಿಗಳು ನ್ಯಾಯಾಲಯಕ್ಕೂ ಹೋಗಿವೆ. 2018ರಲ್ಲಿ ನಾರ್ತ್ ಕೆರೊಲಿನಾದ ಸುಪ್ರೀಂ ಕೋರ್ಟ್ ಫಿಸಿಯೋಥೆರಪಿಯವರ ಪರ ತೀರ್ಪು ಕೊಟ್ಟಿತು.

ಭಾರತದ ದಾರಿ

ನಮ್ಮಲ್ಲಿಗೆ ಇದು ಬಂದದ್ದು ಪಶ್ಚಿಮದಿಂದಲ್ಲ, ನೇರ ಚೀನಾದಿಂದ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲೇ ದುಡಿದು 1942ರಲ್ಲಿ ತೀರಿಕೊಂಡರು. ಅವರ ಜೊತೆಗಾರ, ಕೋಲ್ಕತ್ತದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು, ಮಂಜು ಹೊದ್ದ ಗಡಿಯಲ್ಲಿ ಯುದ್ಧವಾದ ಮೇಲೂ ಬಡ ರೋಗಿಗಳಿಗೆ ಅದನ್ನು ಮುಂದುವರಿಸಿದರು. ಪಶ್ಚಿಮ ಬಂಗಾಳ 1996ರಲ್ಲಿ ಪ್ರತ್ಯೇಕ ಕಾಯ್ದೆ ತಂದದ್ದಕ್ಕೆ ಈ ಹಿನ್ನೆಲೆಯಿದೆ. 2003ರಲ್ಲಿ ಕೇಂದ್ರ ಸರ್ಕಾರ ಇದನ್ನು ನೋಂದಾಯಿತ ವೈದ್ಯರು ಬಳಸಬಹುದಾದ ಒಂದು ಚಿಕಿತ್ಸಾ ವಿಧಾನವೆಂದಷ್ಟೇ ಒಪ್ಪಿತ್ತು. 2019ರಲ್ಲಿ ಅದು ಸ್ವತಂತ್ರ ಪದ್ಧತಿಯಾಯಿತು. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಪ್ರಕೃತಿ ಚಿಕಿತ್ಸೆಯ ಜೊತೆ ಬಂದಿದೆ, ಬಿಎನ್‌ವೈಎಸ್ ಎಂಬ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಯ ವಿದ್ಯಾರ್ಥಿಗಳು ಇದನ್ನೂ ಕಲಿಯುತ್ತಾರೆ.

ಮಾನ್ಯತೆಯ ಜೊತೆಗೆ ಹೊಸ ಪುರಾಣವೂ ಹುಟ್ಟಿದೆ. ಆಕ್ಯುಪಂಕ್ಚರ್ ನಮ್ಮದೇ, ಸುಶ್ರುತನ ಮರ್ಮಗಳೇ ಚೀನಾಕ್ಕೆ ಹೋಗಿ ಬಿಂದುಗಳಾದವು ಎಂಬ ವಾದ. ಸುಶ್ರುತ ಸಂಹಿತೆ 107 ಮರ್ಮಗಳನ್ನು ಹೇಳುವುದು ಶಸ್ತ್ರವೈದ್ಯನಿಗೆ ಎಚ್ಚರಿಕೆಯಾಗಿ. ಅಲ್ಲಿ ಪೆಟ್ಟು ಬಿದ್ದರೆ ಸಾವು ಅಥವಾ ಅಂಗವೈಕಲ್ಯ, ಆದ್ದರಿಂದ ಕತ್ತಿ ಅಲ್ಲಿಂದ ದೂರವಿರಲಿ ಎಂದು. ಚುಚ್ಚಬೇಕಾದ ಜಾಗದ ಪಟ್ಟಿಗೂ ಚುಚ್ಚಬಾರದ ಜಾಗದ ಪಟ್ಟಿಗೂ ಗಂಟು ಹಾಕಿದರೆ ಸುಶ್ರುತನಿಗೂ ನ್ಯಾಯವಾಗುವುದಿಲ್ಲ.

ಪ್ರಾಚೀನತೆಯ ಮಾತು ಬರಿಯ ಹೆಮ್ಮೆಯಾಗಿ ಉಳಿದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಪರಿಶೀಲನೆಯ ಬದಲಿಗೆ ಬಂದು ಕುಳಿತಾಗ ಜೀವಕ್ಕೆ ಕುತ್ತಾಗುತ್ತದೆ. 2024ರ ಫೆಬ್ರವರಿಯಲ್ಲಿ ತಿರುವನಂತಪುರದ ನೇಮಂನಲ್ಲಿ ಮನೆಯಲ್ಲೇ ನಡೆದ ಹೆರಿಗೆಯಲ್ಲಿ ತಾಯಿಯೂ ಮಗುವೂ ತೀರಿಕೊಂಡರು. ಆಕೆಯ ಗಂಡನ ಜೊತೆಗೆ, ಆಕೆಗೆ ಚಿಕಿತ್ಸೆ ಕೊಡುತ್ತಿದ್ದ ಆಕ್ಯುಪಂಕ್ಚರ್ ಚಿಕಿತ್ಸಕನನ್ನೂ ಪೊಲೀಸರು ಬಂಧಿಸಿದರು. ಸೊಂಟನೋವು, ಮಂಡಿನೋವು, ತಲೆನೋವಿಗೆ ಸಿಕ್ಕಿರುವ ಸಾಕ್ಷ್ಯವನ್ನು ಹೆರಿಗೆಗೆ, ಸಕ್ಕರೆ ಕಾಯಿಲೆಗೆ, ಕ್ಯಾನ್ಸರ್‌ಗೆ ಎಳೆದುಕೊಂಡು ಹೋಗುವ ಹಕ್ಕು ಯಾವ ಪರಂಪರೆಗೂ ಇಲ್ಲ. ಸೂಜಿಯ ಶುದ್ಧತೆಯೂ ಅಷ್ಟೇ ಗಂಭೀರ. 1984ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಒಂದೇ ಕ್ಲಿನಿಕ್ಕಿನಿಂದ 35 ಮಂದಿಗೆ ಹೆಪಟೈಟಿಸ್ ಬಿ ಹರಡಿತ್ತು. ಒಮ್ಮೆ ಬಳಸಿ ಬಿಸಾಡುವ ಸೂಜಿ ಅಲ್ಲಿ ನಿಯಮವಾದದ್ದು ಇಂಥ ಪಾಠಗಳಿಂದ.

ಅಮೆರಿಕದ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ 2020ರ ಜನವರಿಯಲ್ಲಿ ಆಕ್ಯುಪಂಕ್ಚರ್ ವೆಚ್ಚ ಕೊಡಲು ಒಪ್ಪಿತು. ಒಪ್ಪಿದ್ದು ಒಂದೇ ಒಂದು ತೊಂದರೆಗೆ, ಹನ್ನೆರಡು ವಾರ ಮೀರಿದ ಸೊಂಟನೋವಿಗೆ. 90 ದಿನಗಳಲ್ಲಿ 12 ಸಲ. ಗುಣ ಕಂಡರೆ ಇನ್ನೂ 8 ಸಲ. ಕಾಣದಿದ್ದರೆ ನಿಲ್ಲಿಸಬೇಕು. ಆ ನಿಯಮದಲ್ಲಿ ಪ್ರಾಚೀನತೆಯ ಆಧಾರ ಎಲ್ಲಿಯೂ ಇಲ್ಲ. ಯಾವ ಕಾಯಿಲೆಗೆ, ಎಷ್ಟು ಸಲ, ಯಾವಾಗ ನಿಲ್ಲಿಸಬೇಕು ಎಂಬ ಈ ಮೂರು ಪ್ರಶ್ನೆಗಳನ್ನು ನಮ್ಮ ರಾಜ್ಯಗಳ ಮಂಡಳಿಗಳೂ ತಮ್ಮ ನಿಯಮಗಳಲ್ಲಿ ಬರೆದುಕೊಳ್ಳಬೇಕು. ಅಲ್ಲಿಯವರೆಗೆ ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡ ಹಣ ಕೇಳುವ ಕ್ಲಿನಿಕ್ಕಿನಲ್ಲಿ ರೋಗಿಯೇ ಅವನ್ನು ಕೇಳಬೇಕಾಗುತ್ತದೆ.